ನಂಬಿಕೆ ಹೋಗಿಲ್ಲ, ಆದರೆ ಮನಸ್ಸು ಕಹಿಯಾಗುತ್ತಿದೆ. ಏನು ಮಾಡಲಿ?

ದಾವಣಗೆರೆ_ಟೀಚರ್

ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆದದ್ದಿಲ್ಲ. ಇವತ್ತು ಬರೆಯದೆ ಇರಲು ಆಗಲಿಲ್ಲ.

ನಮ್ಮ ಯಜಮಾನರಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ವಯಸ್ಸು ಇನ್ನೂ ಐವತ್ತು ದಾಟಿಲ್ಲ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಪೂರ್ತಿ ನಿಂತಿತು. ಫಿಜಿಯೋಥೆರಪಿ ಮಾಡಿಸಿ ಈಗ ಕೋಲು ಹಿಡಿದು ಬಚ್ಚಲಿನವರೆಗೆ ನಡೆಯುತ್ತಾರೆ. ಮಾತು ಮಾತ್ರ ಬಂದಿಲ್ಲ. ನೀರು ಬೇಕಿದ್ದರೂ 'ಹಾಂ', ಸಿಟ್ಟು ಬಂದರೂ 'ಹಾಂ'. ಅಂಗಿ ಗುಂಡಿ ಎಡಗೈಯಲ್ಲೇ ಹಾಕಿಕೊಳ್ಳಬೇಕು ಅಂತ ಹಟ. ಮೇಲಿನ ಗುಂಡಿ ಕೆಳಗಿನ ತೂತಿಗೆ ಹೋಗಿರುತ್ತದೆ. ಸರಿ ಮಾಡಲು ಹೋದರೆ ನನ್ನ ಕೈ ತಳ್ಳುತ್ತಾರೆ. ಹಾಗೇ ಚರ್ಚಿಗೆ ಹೋಗುತ್ತೇವೆ.

ವಿಚಿತ್ರ ಅಂದರೆ, ಸಭೆಯಲ್ಲಿ ಹಾಡು ಶುರುವಾದರೆ ಇವರ ಬಾಯಲ್ಲಿ ಪದಗಳು ಸಲೀಸಾಗಿ ಬರುತ್ತವೆ. ನನ್ನ ಹೆಸರು ಹೇಳಲು ಆಗದವರು ಮೂರು ಚರಣ ಪೂರ್ತಿ ಹಾಡುತ್ತಾರೆ. ಅದನ್ನು ನೋಡಿ ನಮ್ಮ ಪ್ರಾರ್ಥನಾ ಕೂಟದ ಒಬ್ಬರು, 'ನೋಡಿದ್ರಾ, ನಾಲಿಗೆ ಸರಿಯಾಗಿಯೇ ಇದೆ. ನಂಬಿಕೆ ಸಾಲದು ಅಷ್ಟೆ' ಅಂದರು. ಇನ್ನೊಬ್ಬರು ಮನೆಗೆ ಬಂದು, ಮನೆಯಲ್ಲಿ ಯಾರದಾದರೂ ಗುಟ್ಟಿನ ಪಾಪ ಇದ್ದರೆ ಅರಿಕೆ ಮಾಡಿಕೊಳ್ಳಿ ಅಂದರು. ಅವರು ಹೇಳುವಾಗ ನಾನು ಇವರಿಗೆ ಗಂಜಿ ಕುಡಿಸುತ್ತಿದ್ದೆ.

ದೇವರನ್ನು ನಾನು ಬಿಟ್ಟಿಲ್ಲ. ಪ್ರಾರ್ಥನೆ ನಿಂತಿಲ್ಲ. ಆದರೆ ಭಾನುವಾರ ಯಾರಾದರೂ ಎದ್ದು, ಕರ್ತನು ನನ್ನನ್ನು ವಾಸಿಮಾಡಿದ ಅಂತ ಸಾಕ್ಷಿ ಹೇಳಿದರೆ ಹೊಟ್ಟೆ ಉರಿಯುತ್ತದೆ. ನಾದಿನಿ ಇಬ್ರಿಯ 12:15 ತೆಗೆದು ತೋರಿಸುತ್ತಾಳೆ, ಕಹಿಯಾದ ಬೇರು ಚಿಗುರಲು ಬಿಡಬೇಡಿ ಅಂತ. ಸರಿ, ಕೀಳುವುದು ಹೇಗೆ? ಅದನ್ನು ಯಾರೂ ಹೇಳುವುದಿಲ್ಲ. ಇಲ್ಲಿ ಯಾರಿಗಾದರೂ ಗೊತ್ತಾ?

---

ಹಳೇಹುಬ್ಬಳ್ಳಿ

ತಂಗಿ, ನಿಮ್ಮ ಮನೆಗೆ ಬಂದಂಥವರು ಬೈಬಲ್ಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮನೆಗೂ ಬಂದಿದ್ದರು. ಎಲೀಫಜ, ಬಿಲ್ದದ, ಚೋಫರ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಶುರುವಿನಲ್ಲಿ ಅವರು ಒಳ್ಳೆಯವರೇ. ದೂರದಿಂದ ಬಂದರು, ಗುರುತು ಸಿಗದಷ್ಟು ಬದಲಾದ ಗೆಳೆಯನನ್ನು ನೋಡಿ ಅತ್ತರು, ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಕೂತರು. ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟಿತು. ನೀನು ಏನೋ ಮಾಡಿರಬೇಕು, ಇಲ್ಲದಿದ್ದರೆ ದೇವರು ಯಾಕೆ ಹೀಗೆ ಮಾಡುತ್ತಾನೆ ಅಂತ ಮೂವರೂ ಸರದಿಯಲ್ಲಿ ವಾದ ಮಾಡಿದರು. ಯೋಬ ಅವರಿಗಿಂತ ಜೋರಾಗಿ ಕೂಗಾಡಿದ. ಹುಟ್ಟಿದ ದಿನವನ್ನೇ ಶಪಿಸಿದ. ದೇವರನ್ನೇ ಕೋರ್ಟಿಗೆ ಎಳೆಯುವ ಹಾಗೆ ಮಾತಾಡಿದ.

ಕೊನೆಯ ಅಧ್ಯಾಯ ನೋಡಿ. ದೇವರಿಗೆ ಸಿಟ್ಟು ಬಂದದ್ದು ಕೂಗಾಡಿದವನ ಮೇಲಲ್ಲ, ದೇವರ ಪರ ವಕಾಲತ್ತು ಮಾಡಿದವರ ಮೇಲೆ. ನನ್ನ ಸೇವಕ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತ ಎಲೀಫಜನಿಗೆ ಮುಖಕ್ಕೆ ಹೇಳುತ್ತಾನೆ. ಇದನ್ನು ನಮ್ಮ ಕೂಟಗಳಲ್ಲಿ ಯಾರೂ ಓದುವುದೇ ಇಲ್ಲ. ಮೊದಲ ಅಧ್ಯಾಯದ 'ಯೆಹೋವನು ಕೊಟ್ಟನು, ಯೆಹೋವನು ತೆಗೆದುಕೊಂಡನು' ಅನ್ನುವುದನ್ನು ಓದಿ ಪುಸ್ತಕ ಮುಚ್ಚುತ್ತಾರೆ. ಅದು ಬರೀ ಮುನ್ನುಡಿ. ಮುಂದೆ ಮೂವತ್ತೈದಕ್ಕೂ ಜಾಸ್ತಿ ಅಧ್ಯಾಯ ಜಗಳ ಇದೆ.

ಗುಟ್ಟಿನ ಪಾಪದ ಮಾತಿಗೆ ಯೋಹಾನ 9 ಸಾಕು. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಅದನ್ನೇ, ಇವನು ಪಾಪ ಮಾಡಿದನೋ, ಇವನ ತಂದೆತಾಯಿಯೋ ಅಂತ. ಇವನೂ ಅಲ್ಲ, ಅವರೂ ಅಲ್ಲ ಅಂದ ಯೇಸು.

---

ರಾಬರ್ಟ್‌ಸನ್‌ಪೇಟೆ_ಜಯ

ಪ್ರೈಸ್ ದಿ ಲಾರ್ಡ್ ಸಿಸ್ಟರ್. ನಾನು ಪೆಂಟೆಕೋಸ್ಟ್ ಸಭೆಯವನು, ಆದ್ದರಿಂದ ಸ್ವಲ್ಪ ಬೇರೆ ರಾಗ ಹಾಡುತ್ತೇನೆ. ಬೈಯಬೇಡಿ.

ವಾಸಿಯಾಗಲಿ ಅಂತ ಕೇಳುವುದು ಬಿಡಬೇಡಿ. ನಮ್ಮ ತಾಯಿಗೆ ಡಾಕ್ಟರ್ ಕೈ ಬಿಟ್ಟ ಮೇಲೆ ಸಭೆಯವರು ರಾತ್ರಿಯಿಡೀ ಪ್ರಾರ್ಥನೆ ಮಾಡಿದರು. ಆಮೇಲೆ ಅವರು ಅನೇಕ ವರ್ಷ ಬದುಕಿದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಲ್ಲ ಅನ್ನುವುದು ಹೇಗೆ? ಎಲ್ಲದರಲ್ಲಿಯೂ ಕೃತಜ್ಞತೆ ಹೇಳಿ ಅಂತ ಪೌಲ ಥೆಸಲೊನೀಕದವರಿಗೆ ಬರೆದದ್ದು ಸುಮ್ನೆ ಅಲ್ಲ. ಸ್ತೋತ್ರ ಹೇಳುತ್ತಾ ಹೋದರೆ ಕಹಿ ಉಳಿಯುವುದಿಲ್ಲ.

ನಮ್ಮ ಕೆಜಿಎಫ್ ಕಥೆ ಗೊತ್ತಲ್ವಾ? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪ ಅಂಡರ್‌ಗ್ರೌಂಡ್ ಕೆಲಸದವರು. ಒಂದೇ ದಿನಕ್ಕೆ ಊರಿಗೆ ಊರೇ ನಿರುದ್ಯೋಗಿ. ಬಾಕಿ ಹಣಕ್ಕೆ ವರ್ಷಗಟ್ಟಲೆ ಓಡಾಟ. ಇವತ್ತಿಗೂ ನಮ್ಮವರು ಬೆಳಗಿನ ಜಾವದ ಟ್ರೈನ್ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಬರುತ್ತಾರೆ. ಆಗ ಕುಡಿತಕ್ಕೆ ಬಿದ್ದವರು ಎಷ್ಟೋ ಜನ. ಅಪ್ಪ ಬೀಳಲಿಲ್ಲ. ಯಾಕೆ ಅಂದರೆ ಸಂಜೆ ಸಭೆ ಇತ್ತು, ಹಾಡು ಇತ್ತು.

---

ದಾವಣಗೆರೆ_ಟೀಚರ್

ಜಯ ಅಣ್ಣ, ಬೈಯುವುದಿಲ್ಲ. ಒಂದು ಪ್ರಶ್ನೆ. ನಿಮ್ಮ ತಾಯಿಯ ಜೊತೆ ಅದೇ ರಾತ್ರಿ, ಅದೇ ಆಸ್ಪತ್ರೆಯಲ್ಲಿ, ಅಷ್ಟೇ ಪ್ರಾರ್ಥನೆ ಮಾಡಿಸಿಕೊಂಡು ವಾಸಿಯಾಗದ ಒಬ್ಬರು ಇದ್ದರೆ ಅವರ ಮನೆಯವರಿಗೆ ಏನು ಹೇಳುತ್ತೀರಿ? ನಾನು ಈಗ ಆ ಮನೆಯವಳು.

---

ರಾಬರ್ಟ್‌ಸನ್‌ಪೇಟೆ_ಜಯ

ಇದ್ದರು ಸಿಸ್ಟರ್. ಪಕ್ಕದ ಬೆಡ್ಡಿನವರೇ. ಏನೂ ಹೇಳಲಿಲ್ಲ, ಊಟದ ಡಬ್ಬಿ ಕೊಟ್ಟು ಬಂದೆವು. ನಂಬಿಕೆ ಕಡಿಮೆ ಅನ್ನುವ ಮಾತು ನಮ್ಮ ಬಾಯಲ್ಲಿ ಬರಲಿಲ್ಲ, ಯಾರ ಬಾಯಲ್ಲೂ ಬರಬಾರದು. ಆದರೆ ಕೇಳುವುದನ್ನು ನಾನು ಬಿಡುವುದಿಲ್ಲ.

---

ಕುವೈತ್_ನರ್ಸಮ್ಮ

ನೈಟ್ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪು ಇದ್ದರೆ ಹೊಂದಿಸಿಕೊಳ್ಳಿ.

ಮೊದಲು ಆ ಹಾಡಿನ ವಿಷಯ. ಟೀಚರ್, ಇದನ್ನು ಪ್ರಿಂಟ್ ತೆಗೆದು ನಿಮ್ಮ ಕೂಟದವರಿಗೆ ಕೊಡಿ. ಬಲಗಡೆ ಸ್ವಾಧೀನ ತಪ್ಪಿ ಮಾತು ಹೋದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ಹೆಚ್ಚಿನವರಲ್ಲಿ ಮಾತು ಕಟ್ಟುವ ಜಾಗ ಅಲ್ಲೇ ಇರುತ್ತದೆ. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ರಾಗಕ್ಕೆ ಬಲಭಾಗವೂ ಕೆಲಸ ಮಾಡುತ್ತದೆ. ಚಿಕ್ಕಂದಿನಿಂದ ಬಾಯಿಪಾಠ ಆದ ಹಾಡು, ಕರ್ತನ ಪ್ರಾರ್ಥನೆ, ಒಂದು ಎರಡು ಮೂರು ಎಣಿಕೆ, ಇಂಥವು ಮಾತು ಹೋದವರಲ್ಲೂ ಉಳಿದಿರುವುದು ವಾರ್ಡಿನಲ್ಲಿ ನಾವು ನೋಡುತ್ತಲೇ ಇರುತ್ತೇವೆ. ನಾಲಿಗೆಗೆ ಏನೂ ಆಗಿಲ್ಲ, ಅದು ನಿಜ. ನಂಬಿಕೆಗೂ ಇದಕ್ಕೂ ಸಂಬಂಧ ಇಲ್ಲ. ಅವರ ಬುದ್ಧಿಯೂ ಕೆಟ್ಟಿಲ್ಲ. ಸುತ್ತಲಿನವರು ಆಡುವ ಮಾತು ಅವರಿಗೆ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಅರ್ಥವಾಗುತ್ತಿರಬಹುದು. ಗಂಜಿ ಕುಡಿಯುವವರ ಎದುರಿಗೆ ಪಾಪದ ಮಾತೆತ್ತಿದ ಆ ಮಹಾಶಯರಿಗೆ ಇದನ್ನೂ ಹೇಳಿ.

ಎರಡನೆಯದು ನಿಮ್ಮ ವಿಷಯ. ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ? ಶಾಲೆ, ಮನೆ, ರೋಗಿ, ಮೂರನ್ನೂ ಒಬ್ಬರೇ ಮಾಡುವವರಿಗೆ ಸಿಟ್ಟು, ಹೊಟ್ಟೆಯುರಿ ಬರುವುದು ಆತ್ಮದ ರೋಗ ಅಂತ ನಾನು ಮೊದಲು ಅಂದುಕೊಳ್ಳುವುದಿಲ್ಲ. ನಿದ್ದೆ ಇಲ್ಲ ಅಂದುಕೊಳ್ಳುತ್ತೇನೆ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದು, ಸಾಕು, ಪ್ರಾಣ ತೆಗೆದುಕೋ ಅಂದ. ದೇವದೂತ ಬಂದು ಬುದ್ಧಿ ಹೇಳಿದನಾ? ಇಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರು ಮಾತಿಗೆ ಬಂದದ್ದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ತೀರಾ ಕುಗ್ಗಿದಂತೆ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್ ಅಂತ ಸರ್ಕಾರದ್ದೇ, 2022ರಿಂದ ಇದೆ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಕ್ರೈಸ್ತರಾದವರು ಫೋನ್ ಮಾಡಬಾರದು ಅಂತ ಎಲ್ಲೂ ಬರೆದಿಲ್ಲ.

---

ನಿರ್ವಾಹಕರು

ಈ ಎಳೆಯಿಂದ ಒಂದು ಬರಹ ತೆಗೆದಿದ್ದೇವೆ. ಅಭಿಷೇಕದ ಎಣ್ಣೆ ಕೊರಿಯರ್ ಮಾಡುತ್ತೇವೆ, ಮುಂಗಡ ಹಣ ಕಳಿಸಿ ಅಂತ ಫೋನ್ ನಂಬರ್ ಸಮೇತ ಹಾಕಿದ್ದರು. ಇಲ್ಲಿ ಎಣ್ಣೆ ವ್ಯಾಪಾರ ಇಲ್ಲ. ಚರ್ಚೆ ಮುಂದುವರಿಯಲಿ.

---

ಚರ್ಚ್_ಬಿಟ್ಟವ

ನಾನು ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ಮಗಳು ಡೆಂಗಿಯಲ್ಲಿ ಹೋದಳು. ಎಂಟನೇ ಕ್ಲಾಸು. ಮಣ್ಣು ಮಾಡುವಾಗ ಒಬ್ಬರು, ದೇವರಿಗೆ ತೋಟದಲ್ಲಿ ಒಳ್ಳೆ ಹೂವು ಬೇಕಿತ್ತು ಅಂದರು. ಅಂಥ ದೇವರು ನನಗೆ ಬೇಡ ಅನಿಸಿತು. ಆಮೇಲೆ ಹೋಗಿಲ್ಲ.

ನನ್ನ ಪ್ರಶ್ನೆ ಸರಳ. ಕಹಿ ಯಾಕೆ ಇರಬಾರದು? ಆದದ್ದು ಕಹಿಯೇ. ಅದನ್ನು ಸಿಹಿ ಅನ್ನುವುದು ಸುಳ್ಳು. ಟೀಚರ್ ಅವರೇ, ನಿಮ್ಮನ್ನು ನಂಬಿಕೆಯಿಂದ ಕದಲಿಸಲು ಹೇಳುತ್ತಿಲ್ಲ. ಹೊಟ್ಟೆ ಉರಿದದ್ದಕ್ಕೆ ನೀವು ಕ್ಷಮೆ ಕೇಳಬೇಕಿಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ.

---

ಹಳೇಹುಬ್ಬಳ್ಳಿ

ಬರೆಯಿರಿ ಅಣ್ಣಾ, ಖಂಡಿತ ಬರೆಯಿರಿ. ಮಗಳ ವಿಷಯ ಓದಿ ಸಂಕಟ ಆಯಿತು. ಆ ಹೂವಿನ ಮಾತು ಬೈಬಲ್ಲಿನಲ್ಲಿ ಎಲ್ಲಿಯೂ ಇಲ್ಲ.

ನಿಮ್ಮ ಪ್ರಶ್ನೆಗೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ. ಕೀರ್ತನೆ 88 ಅಂತ ಒಂದಿದೆ. ಬೇರೆ ಗೋಳಿನ ಕೀರ್ತನೆಗಳಲ್ಲಿ ಕೊನೆಗೆ 'ಆದರೂ ನಿನ್ನನ್ನು ಕೊಂಡಾಡುವೆನು' ಅಂತ ಒಂದು ತಿರುವು ಇರುತ್ತದೆ. ಇದರಲ್ಲಿ ಅದೂ ಇಲ್ಲ. ಗೆಳೆಯರನ್ನೆಲ್ಲ ದೂರ ಮಾಡಿದೆ ಅಂತ ದೇವರಿಗೆ ದೂರಿ, ಕತ್ತಲೆಯಲ್ಲೇ ಮುಗಿಯುತ್ತದೆ. ಯಾರೋ ಅದನ್ನು ಬರೆದರು, ದೇವಾಲಯದಲ್ಲಿ ಹಾಡಿದರು, ಕಿತ್ತು ಹಾಕದೆ ಉಳಿಸಿಕೊಂಡರು. ನೂರೈವತ್ತು ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಇಂಥ ದೂರುಗಳೇ. ನಮ್ಮ ಹಾಡಿನ ಪುಸ್ತಕಗಳಲ್ಲಿ ಅಷ್ಟಿಲ್ಲ, ಅದು ನಮ್ಮ ಬಡತನ.

ನೊವೊಮಿಯನ್ನು ನೋಡಿ. ಮೋವಾಬಿನಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮಣ್ಣು ಮಾಡಿ ಬೆತ್ಲೆಹೇಮಿಗೆ ಬಂದವಳು, ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ, ಸರ್ವಶಕ್ತನು ನನ್ನ ಬಾಳನ್ನು ಬಹಳ ಕಹಿ ಮಾಡಿದ್ದಾನೆ ಅಂತ ಊರ ಹೆಂಗಸರ ಮುಂದೆ ಹೇಳಿದಳು. ಊರವರು ಇಬ್ರಿಯ 12:15 ತೋರಿಸಲಿಲ್ಲ. (ಆಗಿನ್ನೂ ಬರೆದಿರಲಿಲ್ಲ ಅನ್ನಿ.) ಕಥೆ ಹೇಳುವವನೂ ಅವಳನ್ನು ತಿದ್ದುವುದಿಲ್ಲ. ಪಕ್ಕದಲ್ಲಿ ರೂತಳು ಇದ್ದಳು, ಹೊಲಕ್ಕೆ ಹೋಗಿ ಹಕ್ಕಲಾಯ್ದು ಜವೆಗೋದಿ ತಂದಳು.

ಟೀಚರಮ್ಮ, ನನಗೆ ತಿಳಿದಮಟ್ಟಿಗೆ ಕಹಿ ಬೇರು ಬಿಡುವುದು ಬಾಯಿಬಿಟ್ಟು ಹೇಳಿದ ದೂರಿನಿಂದ ಅಲ್ಲ. ದೇವರಿಗೂ ಹೇಳದೆ, ಜನರಿಗೂ ಹೇಳದೆ, ಮೇಲೆ ಹಲ್ಲೆಲೂಯಾ ಅಂದುಕೊಂಡು ಒಳಗೆ ನುಂಗಿದ್ದರಿಂದ. ಬೂದಿ ಮುಚ್ಚಿದ ಕೆಂಡ ಅದು. ನೀವು ಪ್ರಾರ್ಥನೆ ಬಿಟ್ಟಿಲ್ಲ ಅಂದಿರಿ. ಆ ಪ್ರಾರ್ಥನೆಯಲ್ಲಿ ಈ ಹೊಟ್ಟೆಯುರಿಯನ್ನು ಹೇಳುತ್ತೀರಾ?

---

ದಾವಣಗೆರೆ_ಟೀಚರ್

ಇಲ್ಲ. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತೇನೆ.

---

ಮಂಗಳೂರು_ಪೇಟೆಯವ

ನಾವು ಕೆಥೊಲಿಕರು. ನಿಮ್ಮಷ್ಟು ವಚನ ಬಾಯಿಗೆ ಬರುವುದಿಲ್ಲ. ಆದರೆ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ ಮಾಡುವುದು ಚಿಕ್ಕಂದಿನ ಅಭ್ಯಾಸ. ಯೇಸು ಬೀಳುವುದು ಒಂದು ಸಲ ಅಲ್ಲ, ಮೂರು ಸಲ. ಶಿಲುಬೆಯ ಮೇಲೆ, ನನ್ನ ದೇವರೇ, ಯಾಕೆ ಕೈಬಿಟ್ಟೆ ಅಂತ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಅವನೇ ಕೂಗಿದ ಮೇಲೆ ನಮಗೇನು ಮುಜುಗರ?

ಇಲ್ಲಿಯವರೆಗೆ ಎಲ್ಲರೂ ಕಾಯಿಲೆ, ಸಾವಿನ ಬಗ್ಗೆ ಬರೆದಿರಿ. ಅಲ್ಲಿ ಸಿಟ್ಟು ಮಾಡಲು ದೇವರೊಬ್ಬನೇ ಇರುತ್ತಾನೆ. ಮನುಷ್ಯರು ಮಾಡಿದ ನೋವು ಬೇರೆ. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಆರಾಧನಾ ಮಠಕ್ಕೆ ನುಗ್ಗಿ ಶಿಲುಬೆ ಒಡೆದರು. ಅವತ್ತು, ಆಮೇಲಿನ ದಿನಗಳಲ್ಲಿ ಕರಾವಳಿಯ ಬೇರೆ ಕಡೆಯೂ ದಾಳಿ ಆಯಿತು. ಆ ಮಠದಲ್ಲಿದ್ದವರು ಹೊರಗೆ ಬಾರದೆ ಪ್ರಾರ್ಥನೆಯಲ್ಲಿಯೇ ಜೀವನ ಕಳೆಯುವ ಸಿಸ್ಟರ್‌ಗಳು. ನಮಗೆ ರಕ್ತ ಕುದಿಯಿತು. ನನಗಂತೂ ವರ್ಷಗಟ್ಟಲೆ ಕುದಿಯಿತು. ಪರಿಚಯದ ಅಂಗಡಿಯವನ ಮುಖ ನೋಡಿದರೂ ಇವನೂ ಇದ್ದನೇನೋ ಅನಿಸುತ್ತಿತ್ತು. ಕ್ಷಮಿಸಿ ಅಂತ ಪ್ರಸಂಗದಲ್ಲಿ ಕೇಳಿದರೆ, ಹಾಗಾದರೆ ಕೇಸು ಬೇಡವಾ, ಆಯೋಗ ಬೇಡವಾ ಅಂತ ಮನಸ್ಸಿನಲ್ಲೇ ಜಗಳ.

ನನಗೆ ಇದನ್ನು ಬಿಡಿಸಿ ತೋರಿಸಿದ್ದು ಗ್ಲಾಡಿಸ್ ಸ್ಟೇನ್ಸ್ ಅವರ ಬದುಕು. ಗೊತ್ತಿಲ್ಲದ ಕಿರಿಯರಿಗೆ ಹೇಳುತ್ತೇನೆ. ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದವರು, 1965ರಲ್ಲಿ ಒಡಿಶಾಕ್ಕೆ ಬಂದು ಬಾರಿಪದದಲ್ಲಿ ಕುಷ್ಠರೋಗಿಗಳ ಮನೆ ನೋಡಿಕೊಳ್ಳುತ್ತಿದ್ದರು. 1999ರ ಜನವರಿ 22ರ ರಾತ್ರಿ ಕೆಂದುಝರ್ ಜಿಲ್ಲೆಯ ಮನೋಹರಪುರದಲ್ಲಿ ಜೀಪಿನೊಳಗೆ ಮಲಗಿದ್ದಾಗ ಗುಂಪು ಬಂದು ಬೆಂಕಿ ಹಚ್ಚಿತು. ಜೊತೆಗೆ ಇಬ್ಬರು ಗಂಡುಮಕ್ಕಳು, ಫಿಲಿಪ್‌ಗೆ 10 ವರ್ಷ, ತಿಮೊಥಿಗೆ 6. ಮೂವರೂ ಸುಟ್ಟುಹೋದರು. ಬಾರಿಪದದಲ್ಲಿ ಉಳಿದದ್ದು ಹೆಂಡತಿ ಗ್ಲಾಡಿಸ್, ಮಗಳು ಎಸ್ತೇರ್.

ಗ್ಲಾಡಿಸ್ ಕೊಂದವರನ್ನು ಕ್ಷಮಿಸುತ್ತೇನೆ ಅಂದರು. ಅದು ಎಲ್ಲರಿಗೂ ಗೊತ್ತು. ಜನ ಮರೆಯುವುದು ಮುಂದಿನದನ್ನು. ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನಿನಲ್ಲಿ ಆಗಬೇಕಾದ್ದು ಬೇರೆ, ಎರಡನ್ನು ಬೆರೆಸಬೇಡಿ ಅನ್ನುವ ಅರ್ಥದ ಮಾತನ್ನೂ ಅವರು ಹೇಳಿದರು. ಸಿಬಿಐ ತನಿಖೆ ನಡೆಯಿತು. 2003ರಲ್ಲಿ ಆ ಗುಂಪಿನ ಮುಂದಾಳು ದಾರಾ ಸಿಂಗ್‌ಗೆ ಗಲ್ಲು ಶಿಕ್ಷೆ ಆಯಿತು, 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನೇ ಉಳಿಸಿತು. ಅದು ಕೋರ್ಟಿನ ಕೆಲಸ. ಗ್ಲಾಡಿಸ್ ತಮ್ಮ ಕೆಲಸ ಮಾಡಿದರು. ಗಂಟು ಮೂಟೆ ಕಟ್ಟಿ ಹೋಗಲಿಲ್ಲ, ಅದೇ ಊರಿನಲ್ಲಿ 2004ರವರೆಗೆ ಇದ್ದು ರೋಗಿಗಳ ಮನೆ ನಡೆಸಿದರು. ಗಂಡನ ಹೆಸರಲ್ಲಿ ಅಲ್ಲಿ ಆಸ್ಪತ್ರೆ ಆಯಿತು. 2005ರಲ್ಲಿ ಪದ್ಮಶ್ರೀ ಬಂತು.

ನನಗೆ ಇದರಿಂದ ಸಿಕ್ಕಿದ್ದು ಇಷ್ಟೇ. ಕ್ಷಮಿಸಬೇಕಾದರೆ ಆದದ್ದು ಆಗಲೇ ಇಲ್ಲ ಅನ್ನಬೇಕಿಲ್ಲ. ಟೀಚರ್ ಅವರ ಮನೆಗೆ ಬಂದು ಪಾಪದ ಮಾತೆತ್ತಿದವರಿಗೆ, ನೀವು ಹೇಳಿದ್ದು ತಪ್ಪು ಅಂತ ಹೇಳಿಯೂ ಕ್ಷಮಿಸಬಹುದು. ಹೇಳದೆ ಕ್ಷಮಿಸುವುದು ನನ್ನಿಂದಂತೂ ಆಗುವುದಿಲ್ಲ.

---

ರಾಬರ್ಟ್‌ಸನ್‌ಪೇಟೆ_ಜಯ

ಇದಕ್ಕೆ ಆಮೆನ್. ಅಪ್ಪ ಸಂಜೆ ಹಾಡುತ್ತಿದ್ದರು ಅಂದೆನಲ್ಲಾ, ಬೆಳಿಗ್ಗೆ ಯೂನಿಯನ್ ಆಫೀಸಿಗೂ ಹೋಗುತ್ತಿದ್ದರು. ಎರಡೂ ಒಂದೇ ಮನುಷ್ಯ.

---

ಚರ್ಚ್_ಬಿಟ್ಟವ

ಸ್ಟೇನ್ಸ್ ಕಥೆ ದೊಡ್ಡದು. ಆದರೆ ಇಂಥ ಕಥೆ ಕೇಳಿದಾಗೆಲ್ಲ ನನಗೆ ಒಂದು ಕಿರಿಕಿರಿ. ಸಂತರ ಉದಾಹರಣೆ ಕೊಟ್ಟು ಸಾಮಾನ್ಯರ ಬಾಯಿ ಮುಚ್ಚಿಸುತ್ತೀರಿ. ಅವರು ಕ್ಷಮಿಸಿದರು, ನಿನಗೇನು ದಾಡಿ ಅಂತ. ಅವರಿಗೆ ಆ ಶಕ್ತಿ ಬಂತು, ನನಗೆ ಬರಲಿಲ್ಲ. ಅದಕ್ಕೆ ಏನು ಹೇಳುತ್ತೀರಿ?

---

ಕುವೈತ್_ನರ್ಸಮ್ಮ

ಅಣ್ಣ, ಈ ಕಿರಿಕಿರಿ ನನಗೂ ಇದೆ. ಹಾಗಾಗಿ ನಾನು ಹೇಳುವ ಕಥೆಯನ್ನು ಬೇರೆ ಥರ ಹೇಳುತ್ತೇನೆ.

ನಾನು ಓದಿದ್ದು ವೆಲ್ಲೂರಿನ ಸಿಎಂಸಿಯಲ್ಲಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು). ಅಲ್ಲಿ ಡಾ. ಮೇರಿ ವರ್ಗೀಸ್ ಹೆಸರು ಕೇಳದವರಿಲ್ಲ. ಕೇರಳದವರು, ಸಿಎಂಸಿಯಲ್ಲೇ ಓದಿ ಡಾಕ್ಟರಾದವರು. 1954ರಲ್ಲಿ ಸಹೋದ್ಯೋಗಿಗಳ ಜೊತೆ ಹೊರಟಿದ್ದ ಗಾಡಿ ಉರುಳಿತು. ಮುಖಕ್ಕೆ ದೊಡ್ಡ ಗಾಯ, ಬೆನ್ನುಹುರಿಗೆ ಪೆಟ್ಟು. ಸೊಂಟದ ಕೆಳಗೆ ಮತ್ತೆ ಸ್ವಾಧೀನ ಬರಲೇ ಇಲ್ಲ. ಆಗಿನ್ನೂ ಮೂವತ್ತರೊಳಗಿನ ವಯಸ್ಸು.

ಆ ಕಾಲದಲ್ಲಿ ಬೆನ್ನುಹುರಿ ಹೋದವರ ಗತಿ ಏನಾಗಿತ್ತು ಅಂತ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣು, ಮೂತ್ರದ ಸೋಂಕು, ಕಾಲು ತಾನಾಗಿ ಸೆಟೆಯುವುದು. ಅದನ್ನೆಲ್ಲ ಡಾಕ್ಟರೇ ರೋಗಿಯಾಗಿ ಅನುಭವಿಸಿದರು. ಅಲ್ಲಿ ಪಾಲ್ ಬ್ರಾಂಡ್ ಅಂತ ಸರ್ಜನ್ ಇದ್ದರು, ಕುಷ್ಠರೋಗದಲ್ಲಿ ಮಡಚಿಹೋದ ಬೆರಳುಗಳಿಗೆ ಸ್ನಾಯುರಜ್ಜು ಬದಲಿಸಿ ಜೋಡಿಸಿ ಮತ್ತೆ ಕೆಲಸಕ್ಕೆ ಬರುವಂತೆ ಮಾಡುತ್ತಿದ್ದರು. ಕೈಯ ಆಪರೇಶನ್ ಕೂತೇ ಮಾಡಬಹುದು, ನಿಮಗೆ ಕೈ ಚೆನ್ನಾಗಿವೆ ಅಂದರು ಬ್ರಾಂಡ್. ಮೇರಿ ಗಾಲಿಕುರ್ಚಿಯಲ್ಲಿ ಕೂತು ಆಪರೇಶನ್ ಮಾಡಲು ಶುರು ಮಾಡಿದರು. ಆಮೇಲೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಚಿಕಿತ್ಸೆ, ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯದ ತರಬೇತಿ. ವಾಪಸು ಬಂದು 1960ರ ದಶಕದಲ್ಲಿ ವೆಲ್ಲೂರಿನಲ್ಲಿ ಆ ವಿಭಾಗ ಕಟ್ಟಿದರು. ಬೆನ್ನುಹುರಿ ಹೋದವರು ಅಲ್ಲಿಗೆ ಬಂದು ಹಾಸಿಗೆಯಿಂದ ಕುರ್ಚಿಗೆ ಜಾರುವುದು, ಅಡುಗೆ ಮಾಡುವುದು, ಸಂಪಾದನೆಗೆ ಒಂದು ಕೆಲಸ, ಎಲ್ಲ ಕಲಿಯುತ್ತಾರೆ. 1972ರಲ್ಲಿ ಪದ್ಮಶ್ರೀ ಬಂತು, 1986ರಲ್ಲಿ ತೀರಿಕೊಂಡರು.

ಈಗ ಬೇರೆ ಥರ ಅಂದೆನಲ್ಲಾ. ಇದಕ್ಕಾಗಿಯೇ ದೇವರು ಅಪಘಾತ ಮಾಡಿಸಿದ ಅಂತ ಕೆಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ. ಆ ರಸ್ತೆ ಬದಿಯಲ್ಲಿ ಬಿದ್ದಿದ್ದಾಗ ಯಾರಾದರೂ ಬಂದು, ಮುಂದೆ ಪದ್ಮಶ್ರೀ ಇದೆ, ಸ್ತೋತ್ರ ಹೇಳು ಅಂದಿದ್ದರೆ ಅದು ಕ್ರೌರ್ಯ. ನೀವು ನನಗೆ ಕೇಡು ಮಾಡಬೇಕೆಂದಿದ್ದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದ ಅಂತ ಯೋಸೇಫ ತನ್ನನ್ನು ಗುಂಡಿಗೆ ಹಾಕಿ ಮಾರಿದ ಅಣ್ಣಂದಿರಿಗೆ ಹೇಳಿದ ಮಾತು ಆದಿಕಾಂಡದ ಕೊನೆಯಲ್ಲಿ ಬರುತ್ತದೆ. ಗುಂಡಿಯಲ್ಲಿ ಬಿದ್ದಿದ್ದಾಗ ಅಲ್ಲ, ಜೈಲಿನಲ್ಲೂ ಅಲ್ಲ. ಅಷ್ಟರೊಳಗೆ ಅವನು ಎಷ್ಟೋ ಸಲ ಅತ್ತಿದ್ದಾನೆ, ಅಣ್ಣಂದಿರು ಬದಲಾಗಿದ್ದಾರಾ ಅಂತ ಪರೀಕ್ಷೆ ಮಾಡಿದ್ದಾನೆ. ಆ ಮಾತು ಹೇಳುವ ಹಕ್ಕು ಅವನೊಬ್ಬನಿಗೆ. ಪಕ್ಕದ ಬೆಂಚಿನವರಿಗಲ್ಲ.

ನನಗೆ ಮೇರಿ ಡಾಕ್ಟರಲ್ಲಿ ದೊಡ್ಡದಾಗಿ ಕಾಣುವುದು ಬ್ರಾಂಡ್ ಅವರ ಆ ಒಂದು ಮಾತು. ಎದ್ದು ನಡೆ ಅನ್ನಲಿಲ್ಲ, ನಂಬು ಅನ್ನಲಿಲ್ಲ. ಉಳಿದಿರುವುದು ಏನು ಅಂತ ನೋಡಿದರು. ನಮ್ಮ ಚರ್ಚ್ ಬಿಟ್ಟ ಅಣ್ಣನಿಗೆ ಶಕ್ತಿ ಬರಲಿಲ್ಲ ಅಂದರೆ, ಅವರ ಪಕ್ಕದಲ್ಲಿ ಅಂಥ ಒಬ್ಬರೂ ಇರಲಿಲ್ಲವೇನೋ. ಹೂವಿನ ಮಾತು ಹೇಳುವವರು ಇದ್ದರು.

---

ಚರ್ಚ್_ಬಿಟ್ಟವ

ಇದ್ದರು, ಒಬ್ಬರು. ಮಗಳ ಕ್ಲಾಸ್ ಟೀಚರ್. ಹಿಂದೂಗಳು. ಪ್ರತಿ ವರ್ಷ ಅವಳ ಹುಟ್ಟುಹಬ್ಬದ ದಿನ ಬಂದು ಒಂದು ಗಂಟೆ ಕೂತು ಹೋಗುತ್ತಾರೆ.

ನಾನು ವಾಪಸು ಬರುತ್ತೇನೆ ಅಂತ ಯಾರೂ ಅಂದುಕೊಳ್ಳಬೇಡಿ. ಆದರೆ 88 ಓದಿದೆ. ಅದು ಸುಳ್ಳು ಹೇಳುವುದಿಲ್ಲ.

---

ಹೊಸ_ಓದುಗ

ಒಂದು ಸಂದೇಹ. ಸಾಕ್ಷಿ ಕೇಳಿದಾಗ ಹೊಟ್ಟೆ ಉರಿಯುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನಗೂ ಅದೇ ತೊಂದರೆ, ಮಕ್ಕಳಾಗಿಲ್ಲ. ಸಭೆಯಲ್ಲಿ ಮಗುವಿನ ಪ್ರತಿಷ್ಠೆ (ಮಗುವನ್ನು ದೇವರಿಗೆ ಒಪ್ಪಿಸುವುದು) ನಡೆದರೆ ಎದ್ದು ಹೊರಗೆ ಹೋಗುತ್ತೇನೆ. ಅದು ಪಾಪವಾ?

---

ಹಳೇಹುಬ್ಬಳ್ಳಿ

ಹೊರಗೆ ಹೋಗಿ ನಿಲ್ಲುವುದು ಪಾಪ ಅಲ್ಲ. ಬೈಬಲ್ಲಿನಲ್ಲಿ ಮಕ್ಕಳಿಲ್ಲದ ಹನ್ನಳೂ ಊಟ ಬಿಟ್ಟು ಎದ್ದು ಹೋದವಳೇ. ಸವತಿ ಪೆನಿನ್ನಳಿಗೆ ಮಕ್ಕಳಿದ್ದರು, ಕೆಣಕುತ್ತಿದ್ದಳು. ಹನ್ನಳು ತುಟಿ ಅಲ್ಲಾಡಿಸುತ್ತಾ ಅಳುವುದನ್ನು ನೋಡಿ ಯಾಜಕ ಏಲಿಗೆ ಕುಡಿದಿದ್ದಾಳೆ ಅನಿಸಿತು. ಯಾಜಕರಿಗೂ ತಪ್ಪಾಗುತ್ತದೆ. ಅವಳು ಸುಮ್ಮನಾಗಲಿಲ್ಲ, ಕುಡಿದಿಲ್ಲ ಸ್ವಾಮಿ, ಮನಸ್ಸಿನಲ್ಲಿರುವುದನ್ನು ಹೊಯ್ದುಬಿಟ್ಟೆ ಅಂದಳು. (ಮುಂದೆ ಸಮುವೇಲ ಹುಟ್ಟಿದ ಅಂತ ಹೇಳಿ ನಿಮಗೆ ಹುಸಿ ಆಸೆ ಹುಟ್ಟಿಸುವುದಿಲ್ಲ. ಎಲ್ಲರಿಗೂ ಹುಟ್ಟುವುದಿಲ್ಲ.)

ನಮ್ಮ ಸಭೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ದೇವೆ. ಸಾಕ್ಷಿಯ ಸಮಯದಲ್ಲಿ ಉತ್ತರ ಸಿಕ್ಕಿದವರು ಮಾತ್ರ ಅಲ್ಲ, ಇನ್ನೂ ಕಾಯುತ್ತಿರುವವರೂ ಎದ್ದು ಮಾತಾಡಬಹುದು. ಮೊದಲು ಜನ ಗೊಣಗಿದರು. ಈಗ ಕಾಯುವವರದ್ದೇ ಸಾಲು ಉದ್ದ. ಪಕ್ಕದವರೂ ಕಾಯುತ್ತಿದ್ದಾರೆ ಅಂತ ಗೊತ್ತಾದರೆ ಉರಿ ಅರ್ಧ ಇಳಿಯುತ್ತದೆ. ನಿಮ್ಮ ಪಾಸ್ಟರ್‌ಗೆ ಕೇಳಿ ನೋಡಿ.

ಇನ್ನೊಂದು. ಯೋಬ 42ರಲ್ಲಿ ನಾವು ಗಮನಿಸದ ಕ್ರಮ ಇದೆ. ಯೋಬ ಗೆಳೆಯರಿಗಾಗಿ ಪ್ರಾರ್ಥಿಸಿದ, ಆಮೇಲೆ ಅವನ ಕಷ್ಟ ತಿರುಗಿತು. ಅದನ್ನು ಹಿಡಿದು, ನಿನ್ನನ್ನು ನೋಯಿಸಿದವರಿಗೆ ಮೊದಲು ಪ್ರಾರ್ಥನೆ ಮಾಡು ಅಂತ ನೊಂದವರ ಮೇಲೆ ಹೇರುತ್ತಾರೆ. ಅದಕ್ಕೂ ಮೊದಲಿನ ಸಾಲು ಓದಿ. ಏಳು ಹೋರಿ, ಏಳು ಟಗರು ತೆಗೆದುಕೊಂಡು ಯೋಬನ ಹತ್ತಿರ ಹೋಗಿ ಅಂತ ದೇವರು ಗೆಳೆಯರಿಗೆ ಹೇಳಿದ. ನಡೆದು ಬರಬೇಕಾದವರು ಅವರು.

---

ದಾವಣಗೆರೆ_ಟೀಚರ್

ಎಲ್ಲರದ್ದೂ ಎರಡೆರಡು ಸಲ ಓದಿದೆ.

ನರ್ಸಮ್ಮ ಬರೆದದ್ದನ್ನು ನಿಜವಾಗಿಯೂ ಪ್ರಿಂಟ್ ತೆಗೆದೆ. ಕೂಟದವರಿಗೆ ಕೊಟ್ಟೆ. ಒಬ್ಬರು ಓದಿ ಮಡಚಿ ಜೇಬಿಗೆ ಹಾಕಿಕೊಂಡರು, ಏನೂ ಅನ್ನಲಿಲ್ಲ. ಮನೆಗೆ ಬಂದಿದ್ದವರಿಗೆ, ಇವರ ಎದುರಿಗೆ ನೀವು ಹೇಳಿದ ಮಾತು ನನಗೆ ಇನ್ನೂ ನೋಯುತ್ತಿದೆ ಅಂತ ಹೇಳಿದೆ. ಅವರಿಗೆ ಬೇಜಾರಾಯಿತು. ಏಳು ಹೋರಿ ತರುವ ಲಕ್ಷಣ ಇನ್ನೂ ಇಲ್ಲ. ಅವರಿಗಾಗಿ ಪ್ರಾರ್ಥನೆ ಮಾಡಲು ನನಗೆ ಬಾಯಿ ಬರುತ್ತಿಲ್ಲ. ಬಾಯಿ ಬರುತ್ತಿಲ್ಲ ಅಂತಲೇ ದೇವರಿಗೆ ಹೇಳಿದೆ. ಹೊಟ್ಟೆಯುರಿಯನ್ನೂ ಹೇಳಿದೆ, ಜೋರಾಗಿಯೇ. ಒಳಗಿನಿಂದ ಇವರು 'ಹಾಂ?' ಅಂದರು.

ಬುಧವಾರ ಸಂಜೆ ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಬಂದು ಇವರ ಜೊತೆ ಕೂರುತ್ತೇನೆ ಅಂದಿದ್ದಾರೆ. ಆ ಹೊತ್ತಿನಲ್ಲಿ ಉಪವಾಸ ಪ್ರಾರ್ಥನೆಗೆ ಹೋಗುವುದಿಲ್ಲ, ಮಲಗುತ್ತೇನೆ. ನಾದಿನಿಗೆ ಎಲೀಯನ ಅಧ್ಯಾಯ ತೋರಿಸಿದ್ದೇನೆ.

ನರ್ಸಮ್ಮ, ಹಾಡಿನ ಮೂಲಕ ಮಾತು ಕಲಿಸಲು ಆಗುತ್ತಾ? ಇಲ್ಲಿ ಯಾರೂ ಹೇಳಿರಲಿಲ್ಲ.

---

ಕುವೈತ್_ನರ್ಸಮ್ಮ

ಆಗುತ್ತದೆ, ಎಲ್ಲರಿಗೂ ಅಲ್ಲ, ಆದರೆ ಹಾಡುವವರಲ್ಲಿ ಪ್ರಯತ್ನ ಮಾಡಬೇಕಾದ್ದೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಅಲ್ಲಿ ಒಮ್ಮೆ ತೋರಿಸಿ. ವರ್ಷ ಆಯಿತು ಅಂತ ಬಿಡಬೇಡಿ. ಮೊದಲ ತಿಂಗಳುಗಳಲ್ಲಿ ಸುಧಾರಣೆ ಬೇಗ, ಆಮೇಲೆ ನಿಧಾನ, ಆದರೆ ನಿಂತೇಹೋಗುವುದಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಹೀಗೆ ಮಾಡಿ. ದಿನಾ ಬೇಕಾಗುವ ಚಿಕ್ಕ ಮಾತು ಆರಿಸಿ, 'ನೀರು ಕೊಡು' ಅಂತ ಇಟ್ಟುಕೊಳ್ಳಿ. ಅದನ್ನು ಎರಡೇ ಸ್ವರದಲ್ಲಿ, ಒಂದು ಮೇಲೆ ಒಂದು ಕೆಳಗೆ, ನಿಧಾನಕ್ಕೆ ರಾಗವಾಗಿ ಹೇಳಿ. ಪ್ರತಿ ಅಕ್ಷರಕ್ಕೂ ಅವರ ಎಡಗೈಯನ್ನು ಮೇಜಿನ ಮೇಲೆ ತಟ್ಟಿಸಿ. ಮೊದಲು ನೀವು, ಆಮೇಲೆ ಇಬ್ಬರೂ, ಆಮೇಲೆ ಅವರೊಬ್ಬರೇ. ಸುಸ್ತಾದರೆ ನಿಲ್ಲಿಸಿ. ತಪ್ಪಾದರೆ ತಿದ್ದಬೇಡಿ, ಮತ್ತೆ ಹಾಡಿ. ಎರಡನೇ ಮಾತಾಗಿ ನಿಮ್ಮ ಹೆಸರನ್ನೇ ಇಟ್ಟುಕೊಳ್ಳಿ.

---

ರಾಬರ್ಟ್‌ಸನ್‌ಪೇಟೆ_ಜಯ

ಸಿಸ್ಟರ್, ಮೈಸೂರಿಗೆ ಹೋಗುವುದಾದರೆ ಮೊದಲೇ ತಿಳಿಸಿ. ನಮ್ಮ ಚಿಕ್ಕಮ್ಮನ ಮನೆ ಅಲ್ಲೇ ಇದೆ, ನೆಲಮಹಡಿ, ಮೆಟ್ಟಿಲಿಲ್ಲ. ಉಳಿದುಕೊಳ್ಳಬಹುದು. ಅವರೂ ನಮ್ಮ ಸಭೆಯವರೇ, ಆದರೆ ನೀವಾಗಿ ಕೇಳದೆ ಯಾರೂ ತಲೆಯ ಮೇಲೆ ಕೈ ಇಡುವುದಿಲ್ಲ. ನಾನು ಹೇಳಿಟ್ಟಿರುತ್ತೇನೆ.